ಒತ್ತಿದ ಕೀ ಮೊದಲು ಯಾರಿಗೆ ಕೇಳಬೇಕು

ತೂಕ ಮತ್ತು ಅಳತೆ ಕಚೇರಿಯ ನೌಕರರು ಒತ್ತುವ ಯಾವುದೇ ಕೀ, ಮುಖ್ಯಾಧಿಕಾರಿಗಳ ಗಮನಕ್ಕೆ ಬಾರದೆ ತನ್ನ ಖಾನೆಯನ್ನು ಸೇರತಕ್ಕದ್ದಲ್ಲ ಎಂಬ ಆದೇಶ ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಜಾರಿಗೆ ಬಂತು.

ಆದೇಶ ಏನು ಸುಮ್ಮನೆ ಬರುತ್ತದೆಯೇ? ಹಿಂದಿನ ದಿನ ಮುಖ್ಯಾಧಿಕಾರಿಗಳು ಕಂಪ್ಯೂಟರಿನ ಮುಂದೆ ಕೂತು, ತೆರೆದ ಪಟ್ಟಿ ಮುಚ್ಚಲೆಂದು ಎಸ್ಕೇಪ್ ಕೀ ಒತ್ತಿದ್ದರು. ಮುಚ್ಚಲಿಲ್ಲ. ಇನ್ನೊಮ್ಮೆ ಒತ್ತಿದರು. ಊಹೂಂ. ಮೂರನೆಯ ಸಲ ಹೆಬ್ಬೆರಳಲ್ಲಿ ಕುಟ್ಟಿ, ಪ್ರೋಗ್ರಾಂ ಬರೆದವನನ್ನು ಕರೆಸಿದರು.

"ಸಾರ್, ಕರ್ಸರ್ ಹೆಸರಿನ ಖಾನೆಯೊಳಗಿತ್ತು. ಒತ್ತಿದ ಕೀ ಮೊದಲು ಅಲ್ಲಿಗೇ ಹೋಗುತ್ತೆ. ಖಾನೆ ಅದನ್ನ ನುಂಗಿಬಿಡ್ತು. ಇಡೀ ವಿಂಡೋಗೆ ಗೊತ್ತೇ ಆಗಲಿಲ್ಲ."

"ನನಗೆ ಹೇಳದೆ ನುಂಗಿತಾ? ಇಷ್ಟು ವರ್ಷದಲ್ಲಿ ಈ ಕಚೇರಿಯಲ್ಲಿ ಹಾಗೆ ಯಾರಾದರೂ ಮಾಡಿದ್ದುಂಟೇನ್ರೀ?"

"ಇಲ್ಲ ಸಾರ್" ಎಂದರು ಸುತ್ತ ನಿಂತಿದ್ದವರೆಲ್ಲ. ನಿಜವನ್ನೇ ಹೇಳಿದರು.

ಪ್ರೋಗ್ರಾಂ ಬರೆದವನು ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ರಾತ್ರಿ ಬೆಳಗಾಗುವುದರೊಳಗೆ ಇಡೀ ವಿಂಡೋಗೆ ಒಂದು ಕಿವಿ ಇಟ್ಟುಕೊಟ್ಟ. ಯಾರು ಯಾವ ಮೂಲೆಯ ಖಾನೆಯಲ್ಲಿ ಏನು ಒತ್ತಿದರೂ ಮೊದಲು ವಿಂಡೋಗೇ ಕೇಳುವುದು. ಅದು ಕೀಯನ್ನು ಹಿಡಿದುಕೊಂಡು, "ಒಂದು ಕೀ ಒತ್ತಲಾಗಿದೆ. ಖಾನೆಗೆ ಬಿಡಬಹುದೇ?" ಎಂದು ಕೇಳುವುದು. ಬಿಡಬಹುದು ಅನ್ನುವುದಕ್ಕೆ ಎಂಟರ್ ಒತ್ತಬೇಕು. ಎಂಟರ್ ಒತ್ತಿದರೆ, "ಒಂದು ಕೀ ಒತ್ತಲಾಗಿದೆ. ಬಿಡಬಹುದೇ?"

ಮಂಗಳವಾರ ಸಂಜೆಯವರೆಗೆ ಕಚೇರಿಯಲ್ಲಿ ಒಂದು ಅಕ್ಷರವೂ ಮೂಡಲಿಲ್ಲ. ಆದೇಶ ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿದೆಯೆಂದು ಮುಖ್ಯಾಧಿಕಾರಿಗಳಿಗೆ ಬಹಳ ಸಂತೋಷವಾಯಿತು. ಬುಧವಾರ ಒಂದು ತಿದ್ದುಪಡಿ ಬಂತು: ಆದೇಶದಲ್ಲಿ ಮೌಸ್‌ನ ಹೆಸರಿಲ್ಲವಾದ್ದರಿಂದ ಒಪ್ಪಿಗೆಯನ್ನು ಮೌಸ್‌ನಿಂದ ಕೊಡತಕ್ಕದ್ದು, ಮೌಸ್ ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಮಾತ್ರ ಇರತಕ್ಕದ್ದು. ಮಿಕ್ಕವನ್ನು ಬಾಲ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಇದೆಲ್ಲದರ ನಡುವೆ ಸಿಕ್ಕಿಕೊಂಡವಳು ಬೆರಳಚ್ಚಿನಕ್ಕ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಟೈಪು ಮಾಡಿದವಳು, ನಿವೃತ್ತಿಗೆ ಇನ್ನು ಎರಡೇ ವರ್ಷ. ಎರಡು ದಿನದ ರೈಲು ದಾರಿಯ ಊರಿನಲ್ಲಿ ಅವಳ ಒಬ್ಬಳೇ ಮಗಳು ಏಳು ತಿಂಗಳ ಬಸುರಿ, ಚೊಚ್ಚಲು. "ನೋವು ಬಂದಾಗ ನಿನ್ನ ಕೈ ಹಿಡ್ಕೊಂಡೇ ಇರ್ತೀನಿ" ಎಂದು ಅಕ್ಕ ಮಾತು ಕೊಟ್ಟಿದ್ದಳು. ರಜೆ ಬೇಕಿತ್ತು. ಕೈಯಲ್ಲಿ ಬರೆದುಕೊಟ್ಟ ಅರ್ಜಿ ವಾಪಸು ಬಂತು. ಒತ್ತದೆ ಬರೆದದ್ದು ಅರ್ಜಿಯಲ್ಲ, ಗೀಚು, ಎಂಬ ಷರಾ ಇತ್ತು. ಕೇಳದೆ ಹೋದರೆ ಕೆಲಸಕ್ಕೇ ಸಂಚಕಾರ.

ಅಕ್ಕ ಕಂಪ್ಯೂಟರಿನಲ್ಲೇ ಶುರು ಮಾಡಿದಳು. ಇಡೀ ಕಚೇರಿಯ ಕೀಗಳು ಮುಖ್ಯಾಧಿಕಾರಿಗಳ ಮೌಸ್‌ನ ಮುಂದೆ ಸಾಲು ನಿಂತಿದ್ದವು; ಅವರಿಗೆ ಸಭೆಯಿಲ್ಲದ ದಿನ ಅವಳ ಪಾಲಿಗೆ ಎರಡು ಅಕ್ಷರ, ಸಭೆಯಿದ್ದ ದಿನ ಒಂದೂ ಇಲ್ಲ.

"ಅಕ್ಕಾ, 'ಮಾನ್ಯರೇ' ಬಿಟ್ಟುಬಿಡಿ. ಮೂರು ದಿನ ಉಳಿಯುತ್ತೆ" ಎಂದ ಪಕ್ಕದ ಮೇಜಿನ ಗುಮಾಸ್ತ.

"ಅದನ್ನ ಬಿಟ್ಟರೆ ಆ ಪುಣ್ಯಾತ್ಮ ಮುಂದಿನದನ್ನ ಓದ್ತಾನೇನಪ್ಪ?"

ಅಷ್ಟರಲ್ಲಿ ಮುಖ್ಯಾಧಿಕಾರಿಗಳ ಭಾಮೈದ ಹಜಾರದಲ್ಲಿ ಒಂದು ಮೇಜು ಹಾಕಿ 'ಅವಸರದ ಅಕ್ಷರಗಳ ವಿಲೇವಾರಿ ಕೇಂದ್ರ' ತೆರೆದ. ತಕ್ಕಡಿಗೆ ಮುದ್ರೆ ಬೇಕಾದ ಅಂಗಡಿಯವರು ಅಲ್ಲೊಂದು ಲಕೋಟೆ ಕೊಟ್ಟರೆ ಅವರ ಅಕ್ಷರಗಳು ಸಾಲು ಮುರಿದು ಮುಂದೆ ಹೋಗುತ್ತಿದ್ದವು. ಬೆರಳಚ್ಚಿನಕ್ಕನೂ ಒಂದು ದಿನ ಮುಜುಗರದಿಂದ ಅಲ್ಲಿ ಹೋಗಿ ನಿಂತಳು.

"ಛೆ, ನೌಕರರ ಹತ್ತಿರ ತಗೊಳ್ಳೋದು ತಪ್ಪಲ್ವಾ ಅಕ್ಕ?" ಎಂದು ಭಾಮೈದ ಕೆನ್ನೆ ಕೆನ್ನೆ ಬಡಿದುಕೊಂಡ. "ನಾವೂ ದೇವರಿಗೆ ಹೆದರುವವರು."

ಆಗಲೇ ಒಂದು ಎಡವಟ್ಟಾಯಿತು. ಅಕ್ಕ ಯಾವುದೋ ಒಂದು ಅಕ್ಷರ ತಪ್ಪು ಒತ್ತಿ, ಕೂಡಲೇ ಅಳಿಸುವ ಕೀ ಹತ್ತು ಸಲ ಒತ್ತಿದ್ದಳು. ಇಪ್ಪತ್ತೆಂಟು ವರ್ಷದ ರೂಢಿ, ಬೆರಳು ಕೇಳಬೇಕಲ್ಲ. ಅಳಿಸುವ ಕೀಗಳದ್ದು ಬೇರೆಯೇ ಸಾಲು; ಆ ಹತ್ತು ಕೀಗಳೂ ಹದಿನೈದು ದಿನ ಕಾದು ಒಪ್ಪಿಗೆ ಪಡೆದು ಒಟ್ಟಿಗೆ ಬಂದಾಗ ತಪ್ಪು ಅಕ್ಷರ ಎಲ್ಲೋ ಹಿಂದೆ ಉಳಿದಿತ್ತು; ಎದುರಿಗೆ ಸಿಕ್ಕಿದ್ದು ಹೆರಿಗೆಯ ದಿನಾಂಕ. ಅದನ್ನೇ ಅಳಿಸಿಹಾಕಿದವು. ಮತ್ತೆ ಒತ್ತಲು ಇನ್ನೊಂದು ವಾರ ಬೇಕೆಂದು ಅಕ್ಕ ಆ ಜಾಗ ಬಿಟ್ಟು ಮುಂದೆ ಹೋದಳು.

ಮಗಳು ಫೋನು ಮಾಡಿದಳು. "ಅಮ್ಮಾ, ದಿನ ತುಂಬಿದೆ. ಬರ್ತೀಯೋ ಇಲ್ವೋ?"

"ಬರ್ತೀನಿ ಕಣೇ. ಇನ್ನು ನಲವತ್ತೇ ಅಕ್ಷರ. ಸ್ವಲ್ಪ ತಡ್ಕೋ."

"ತಡ್ಕೊಳ್ಳೋದಾ? ನಾನೇನು ಬಸ್ಸಿಗೆ ಕಾಯ್ತಾ ಇದ್ದೀನಾ?"

ಮಗು ತಡೆದುಕೊಳ್ಳಲಿಲ್ಲ. ಅದಕ್ಕೆ ಆದೇಶದ ಪ್ರತಿ ಹೋಗಿರಲಿಲ್ಲ. ಹೆಣ್ಣುಮಗು. ಅಕ್ಕ ಫೋನಿನಲ್ಲೇ ಅದರ ಅಳು ಕೇಳಿ, ಸೆರಗಲ್ಲಿ ಕಣ್ಣೊರೆಸಿಕೊಂಡು, ಆ ದಿನದ ಎರಡು ಅಕ್ಷರ ಒತ್ತಿದಳು. ಮಗಳು ಮಾತು ಬಿಟ್ಟಳು.

ಅರ್ಜಿ ಮುಗಿದು, ಮೇಜಿನಿಂದ ಮೇಜಿಗೆ ಸುತ್ತಿ ಮಂಜೂರಾದದ್ದು ಮಗುವಿಗೆ ಒಂದು ವರ್ಷ ಎರಡು ತಿಂಗಳು ತುಂಬಿದ ಮೇಲೆ. ದಿನಾಂಕದ ಜಾಗ ಖಾಲಿಯಿದ್ದುದರಿಂದ ಕಚೇರಿಯೇ ದೊಡ್ಡ ಮನಸ್ಸು ಮಾಡಿ ತುಂಬಿತ್ತು: "ಮುಂದಿನ ಸೋಮವಾರ ನಡೆಯುವ ಹೆರಿಗೆಯ ಸಲುವಾಗಿ ಹತ್ತು ದಿನ. ಸದರಿ ಹೆರಿಗೆ ಅಂದೇ ನಡೆದುದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಹಾಜರುಪಡಿಸದಿದ್ದಲ್ಲಿ ನೌಕರಿಯಿಂದ ವಜಾ."

ಅಕ್ಕ ರೈಲು ಹತ್ತಿದಳು. ಬಾಗಿಲಿಗೆ ಮೊದಲು ಓಡಿ ಬಂದದ್ದು ಮೊಮ್ಮಗಳೇ. ಮಗಳು ಹಿಂದೆ ನಿಂತು ಆದೇಶವನ್ನು ಎರಡು ಸಲ ಓದಿದಳು. ಬೈಯಲು ಬಾಯಿ ತೆರೆದವಳು, ಅಮ್ಮನ ಮುಖ ನೋಡಿ, ಚಪ್ಪಲಿ ಹುಡುಕಿದಳು.

ಆಸ್ಪತ್ರೆಯ ಗುಮಾಸ್ತೆ ಕಂಪ್ಯೂಟರ್ ನೋಡಿ, ಏನೂ ತೊಂದರೆಯಿಲ್ಲ ಎಂದಳು. "ನಾವೂ ಹೋದ ವರ್ಷ ಅದೇ ಪ್ರೋಗ್ರಾಂ ತರಿಸಿದ್ವಿ. ನಿಮ್ಮ ಮಗುವಿನ ಜನನ ಇನ್ನೂ ಸಾಲಲ್ಲೇ ಇದೆ. ಲೆಕ್ಕಕ್ಕೆ ಅದು ಹುಟ್ಟಿಲ್ಲ. ಸೋಮವಾರ ಹುಟ್ಟಲಿ ಬಿಡಿ, ನಮಗೂ ಒಂದು ಬಾಕಿ ಕಳೆಯುತ್ತೆ."

ಸೋಮವಾರ ಹನ್ನೊಂದು ಗಂಟೆಗೆ ಮಗು ತನ್ನ ಕಾಲಮೇಲೆ ಹೆರಿಗೆ ವಾರ್ಡಿಗೆ ನಡೆದು ಬಂತು. ವೈದ್ಯರು ಮೈ ಮುಟ್ಟಿ ನೋಡಿ, "ಸುಖ ಪ್ರಸವ. ತೂಕ ಹತ್ತು ಕಿಲೋ. ಹುಟ್ಟಿದ ಕೂಡಲೇ ನೀರು ಕೇಳಿದೆ" ಎಂದು ಬರೆದರು. ಇಷ್ಟು ಚುರುಕಾದ ಕೂಸನ್ನು ತಾನು ನೋಡಿಯೇ ಇಲ್ಲ ಎಂದು ದಾದಿ ದೃಷ್ಟಿ ತೆಗೆದಳು. ಅಳಿಯ ವಾರ್ಡಿಗೆಲ್ಲ ಸಿಹಿ ಹಂಚಿದ. ಮಗು ಎರಡು ತಿಂದಿತು.

ಮಗಳು ನಿಯಮದಂತೆ ಅರ್ಧ ಗಂಟೆ ಮಂಚದ ಮೇಲೆ ಮಲಗಿದಳು. ಅಕ್ಕ ಅವಳ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

"ಅಂತೂ ಹೊತ್ತಿಗೆ ಸರಿಯಾಗಿ ಬಂದೆಯಲ್ಲಮ್ಮ" ಎಂದಳು ಮಗಳು.