ಹೆಸರಿನ ಕೆಳಗಿನ ಗೆರೆ

ಔರೆಲ್ ಮಾಡಿದ ತಪ್ಪು ಸಣ್ಣದು. ಹೊಸ ಯಂತ್ರದ ಕೆಲಸವನ್ನು ಹಳೆಯ ಅಭ್ಯಾಸದಂತೆ ಕಾಗದದ ಮೇಲೆ ಪರೀಕ್ಷಿಸಿದ.

ಜಿನೀವಾ ಅಂಚಿನ ಆ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೈಪರ್‌ಟೆಕ್ಸ್ಟ್ ಬಂದು ಆಗಿನ್ನೂ ಒಂದೇ ವರ್ಷವಾಗಿತ್ತು. ಕಂಪ್ಯೂಟರ್ ಪರದೆಯಲ್ಲಿ ಗೆರೆ ಎಳೆದ ಪದವನ್ನು ಒತ್ತಿದರೆ ಅದಕ್ಕೆ ಜೋಡಿಸಿದ ಇನ್ನೊಂದು ಪುಟ ತೆರೆಯುತ್ತದೆ, ಅಷ್ಟೇ. ಸಿಬ್ಬಂದಿಯ ಫೋನ್ ಪಟ್ಟಿಯನ್ನು ಹೀಗೆ ಹೆಣೆಯುವ ಕೆಲಸ ಗುಮಾಸ್ತ ಔರೆಲ್ ಪಾಲಿಗೆ ಬಂತು. ಯಾರೊಡನೆ ಹೇಗೆ ಏಗಬೇಕೆಂದು ತನಗಾಗಿ ಗುಟ್ಟಾಗಿ ಬರೆದುಕೊಂಡಿದ್ದ ಟಿಪ್ಪಣಿಗಳನ್ನೂ ತನ್ನ ಅನುಕೂಲಕ್ಕೆಂದು ಒಬ್ಬೊಬ್ಬರ ಹೆಸರಿಗೆ ಜೋಡಿಸಿ, ಅಚ್ಚು ತೆಗೆದು ನೋಡಿದ. ಕಾಗದದಲ್ಲಿ ಬರೀ ಹೆಸರು, ಕೆಳಗೊಂದು ಗೆರೆ. ಟಿಪ್ಪಣಿ ಯಾರಿಗೂ ಕಾಣದೆಂದು ನಿಶ್ಚಿಂತೆಯಿಂದ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟ.

ಅವನ ತಲೆಯಲ್ಲಿದ್ದದ್ದು ಶುಕ್ರವಾರದ ರಜೆಯೊಂದೇ. ಚಾಕೊಲೇಟಿನ ಗಡಿಗೆ ಒಡೆದು ಹಂಚಿ ತಿನ್ನುವ ಎಸ್ಕಲಾದ್ ಹಬ್ಬಕ್ಕೆ ಶಾಲೆಯಲ್ಲಿ ಮಗಳು ಸೊಲಾಂಜ್ ಮೊದಲ ಸಲ ಕೊಳಲು ನುಡಿಸುವವಳಿದ್ದಳು. "ನೀನು ಬರದೆ ನಾನು ಚಾಕೊಲೇಟ್ ಗಡಿಗೆ ಒಡೆಯೋದೇ ಇಲ್ಲ" ಎಂದು ಬೇರೆ ಹೇಳಿದ್ದಳು.

ಮರುದಿನ ಬೆಳಿಗ್ಗೆ ಪಕ್ಕದ ಮೇಜಿನ ಜಿಲ್ಬೆರ್ತ್ ಎದುರು ಬಂದು ನಿಂತಳು. "ಏನಪ್ಪಾ, 'ಮಾತಿಗೆ ಸಿಕ್ಕರೆ ಬೆಕ್ಕಿನ ಪುರಾಣ, ಅರ್ಧ ಗಂಟೆ ಹಾಳು' ಅಂತ ಬರೆದಿದ್ದೀಯಲ್ಲ?"

ಔರೆಲ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ. "ನಿಂಗೆಲ್ಲಿ ಸಿಕ್ತು ಅದು?"

"ನನ್ನ ಹೆಸರು ಒತ್ತಿದೆ. ತನ್ನ ಹೆಸರು ಕಂಡ್ರೆ ಯಾರು ತಾನೆ ಒತ್ತದೆ ಬಿಡ್ತಾರೆ?"

"ನಂಗೆ 'ಪೆನ್ನು ಕೊಟ್ಟರೆ ವಾಪಸು ಬರದು' ಅಂತೆ" ಎಂದು ಇಂಜಿನಿಯರ್ ಫಾವ್ರೆ ಔರೆಲ್‌ನ ಪೆನ್ನಿನಿಂದಲೇ ತಲೆ ಕೆರೆದುಕೊಂಡ. "ಮೇಡಂದು ಇನ್ನೂ ನೋಡಿಲ್ಲ. ಎಲ್ಲಾ ಸೇರ್ಕೊಂಡು ನೋಡೋಣ ಅಂತ ಇಟ್ಟಿದ್ದೀವಿ."

ರಜೆ ಕೊಡಬೇಕಾದ ಜ್ವಾಲೆನ್ ಮೇಡಂ ಬಗ್ಗೆ ಔರೆಲ್ ಬರೆದದ್ದು: "ಕಲ್ಲಾದರೂ ಕರಗೀತು. ಎರಡನೇ ಕಾಫಿಗೆ ಮೊದಲು ಏನನ್ನೂ ಕೇಳಬಾರದು." ಓಡಿಹೋಗಿ ಕೀಲಿಮಣೆಯ ಮುಂದೆ ಕುಳಿತ. ಓಣಿಯಲ್ಲಿ ಮೇಡಂ ಬೂಟಿನ ಸದ್ದು. ಎಲ್ಲವನ್ನೂ ಅಳಿಸಲು ಪುರುಸೊತ್ತಿಲ್ಲ. ಅವರೊಬ್ಬರ ಪುಟವನ್ನು ಅಳಿಸಿ ಬೆವರು ಒರೆಸಿಕೊಂಡ.

ಮಧ್ಯಾಹ್ನ ಮೇಡಂ ಕೋಣೆಗೆ ಬರುವಂತೆ ಕರೆ ಬಂತು.

"ಔರೆಲ್ ಅವರೇ, ಪಟ್ಟಿ ನೋಡಿದೆ" ಎಂದರು ಮೇಡಂ. "ಫಾವ್ರೆ ಪೆನ್ನಿನ ವಿಷಯ ಓದಿ ನಕ್ಕು ನಕ್ಕು ಸಾಕಾಯ್ತು."

ಗಂಡಾಂತರ ಕಳೆಯಿತೆಂದು ಔರೆಲ್ ರಜೆಯ ಅರ್ಜಿಯನ್ನು ಮೆಲ್ಲನೆ ಮುಂದಿಟ್ಟ. ಮೇಡಂ ಅದನ್ನು ನೋಡಲೇ ಇಲ್ಲ.

"ಬಾಗಿಲು ಕಾಯೋರ ಬಗ್ಗೆ ಕೂಡ ನಾಲ್ಕು ಸಾಲು ಬರೆದಿದ್ದೀರಿ. ನನ್ನ ಹೆಸರು ಒತ್ತಿದ್ರೆ ಮಾತ್ರ 'ಇಂಥ ಪುಟ ಇಲ್ಲ' ಅಂತ ಬರುತ್ತೆ. ಹನ್ನೆರಡು ವರ್ಷದಿಂದ ಇಲ್ಲಿದ್ದೀನಿ. ನನ್ನ ಬಗ್ಗೆ ನಿಮಗೆ ಒಂದು ಸಾಲೂ ಹೊಳೀಲಿಲ್ವಾ?" ಅವರಿಗೆ ನಿಜವಾಗಿಯೂ ನೋವಾಗಿತ್ತು. "ಶುಕ್ರವಾರ ಪೂರ್ತಿ ಕೂತು ಬರೀರಿ. ಎರಡು ಪುಟಕ್ಕೆ ಕಮ್ಮಿ ಆಗ್ಬಾರದು."

ಶುಕ್ರವಾರ ಸೊಲಾಂಜ್ ಕೊಳಲನ್ನು ತುಟಿಗಿಟ್ಟ ಹೊತ್ತಿಗೆ, ಅವಳ ಅಪ್ಪ ಮೊದಲ ಸಾಲು ಬರೆಯುತ್ತಿದ್ದ: "ಮೇಡಂ ಅವರದು ಬೆಣ್ಣೆಯಂಥ ಮನಸ್ಸು. ರಜೆ ಕೇಳಿದರೆ ಇಲ್ಲವೆನ್ನುವವರಲ್ಲ."