ದೊಡ್ಡವ್ವ ಕೇಳದ ಸೀರೆ

ನಮ್ಮ ದೊಡ್ಡವ್ವ ನಿಮ್ಮ ಮನೆಗೆ ಬರುತ್ತಾಳೆಂದು ಗೊತ್ತಾದರೆ ಮೊದಲು ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳನ್ನು ಒಳಗೆ ತಂದಿಡಿ. ಆಕೆ ಕಳ್ಳಿ ಅಂತ ನಾನು ಹೇಳುತ್ತಿಲ್ಲ. ಛೇ, ಸ್ವಂತ ದೊಡ್ಡವ್ವನನ್ನು ಹಾಗನ್ನಲಾದೀತೆ? ಆಕೆ ಕೇಳಿಯೇ ಒಯ್ಯುತ್ತಾಳೆ. ಕಷ್ಟ ಇರುವುದು ಅಲ್ಲೇ! ಕಳ್ಳರಾದರೆ ಬಾಗಿಲು ಹಾಕಿಕೊಳ್ಳಬಹುದು, ಬೇಡುವವರಾದರೆ ಮುಂದಕ್ಕೆ ಹೋಗು ಅನ್ನಬಹುದು. ನಿಮ್ಮೆದುರಿಗೇ ಕೂತು, ನೀವು ಕೊಟ್ಟ ಚಹಾ ಕುಡಿಯುತ್ತ, ನೀವು ಉಟ್ಟ ಸೀರೆಯ ಅಂಚನ್ನೇ ಎರಡು ಬೆರಳಲ್ಲಿ ಹಿಡಿದು, "ಇದು ಯಾವಾಗ ಹರೀತೈತಿ ಯವ್ವಾ?" ಎಂದು ಕೇಳುವವಳಿಗೆ ಏನು ಉತ್ತರ ಕೊಡುತ್ತೀರಿ?

ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಇರುವುದು ಕಡ್ಡಿರಾಂಪುರದಲ್ಲಿ, ಮಾಡುವುದು ಕೌದಿ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಹಿಡಿದು ನಡುವಿನವರೆಗೆ ಕೈಹೊಲಿಗೆ ಹಾಕುತ್ತ ಬರಬೇಕು. ಒಂದು ಕೌದಿ ಮುಗಿಯಲು ಎರಡು ತಿಂಗಳು ಹಿಡಿಯುತ್ತದೆ. ಹೊಸಪೇಟೆಯ ಸಂತೆಗೆ ಹೋದರೆ ಹುಲಿ ಚಿತ್ರವಿರುವ, ಉಣ್ಣೆಯಂತೆ ನುಣ್ಣಗಿರುವ ಬ್ಲಾಂಕೆಟ್ಟು ಎರಡು ನಿಮಿಷದಲ್ಲಿ ಸಿಗುತ್ತದೆ. ಈಗ ಯಾರ ಮನೆಗೆ ಹೋದರೂ ಜನ ಹುಲಿಯನ್ನೇ ಹೊದ್ದು ಮಲಗಿರುತ್ತಾರೆ. ಕೌದಿ ಯಾರಿಗೂ ಬೇಡ. ಈ ಮಾತನ್ನು ನಾನು ದೊಡ್ಡವ್ವನಿಗೆ ಕಡಿಮೆಯೆಂದರೆ ನೂರು ಸಲ ಹೇಳಿದ್ದೇನೆ. ಕಚೇರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಟೈಪು ಕುಟ್ಟುವವಳು ನಾನು. ಯಾವುದು ಬೇಕು ಯಾವುದು ಬೇಡ ಎಂಬುದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಆಕೆ ಒಂದು ಸಲವೂ ಎದುರಾಡಲಿಲ್ಲ. ನಾನು ಮಾತು ಮುಗಿಸುವಷ್ಟರಲ್ಲಿ ಇನ್ನೊಂದು ಗೇಣು ಹೊಲಿದಿರುತ್ತಿದ್ದಳು.

ಒಮ್ಮೆ ಕಂಪ್ಲಿಯಲ್ಲಿ ನೆಂಟರ ಮದುವೆ. ಅಕ್ಷತೆ ಹಾಕಲು ಹೋದ ದೊಡ್ಡವ್ವ ಮದುಮಗಳ ತಲೆಯ ಮೇಲೆ ನಾಲ್ಕು ಕಾಳು ಉದುರಿಸಿ, ಧಾರೆ ಸೀರೆಯ ಸೆರಗನ್ನು ಸವರಿ, ಕಿವಿಯ ಹತ್ತಿರ ಬಾಗಿ ಹೇಳಿದಳು: "ಹರದ ಮ್ಯಾಲ ನನಗ ಹೇಳವಾ, ಮರೀಬ್ಯಾಡ." ಮದುಮಗಳ ಕಣ್ಣಲ್ಲಿ ನೀರು ತುಂಬಿತು. ಪಾಪ, ತವರು ಬಿಡುವ ಸಂಕಟ ಎಂದು ಹೆಂಗಸರೆಲ್ಲ ಸೇರಿ ಆಕೆಯನ್ನು ಸಮಾಧಾನ ಮಾಡಿದರು.

ಹೊರಗಿನವರ ಪಾಡೇ ಹೀಗಾದರೆ ಮನೆಯವರ ಗತಿ? ದೊಡ್ಡಪ್ಪ ಸಂಡೂರಿನ ಗಣಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನು. ಅದಿರಿನ ಧೂಳು ಕೂತ ಆತನ ಅಂಗಿಗಳು ಎಷ್ಟು ಒಗೆದರೂ ಕೆಂಪಗೇ ಇರುತ್ತಿದ್ದವು. ದೊಡ್ಡವ್ವನಿಗೆ ಆ ಕೆಂಪಿನ ಮೇಲೆ ಇನ್ನಿಲ್ಲದ ಮೋಹ. ಆತ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಗೂಟಕ್ಕೆ ನೇತುಹಾಕಿದ ಅಂಗಿ ಕತ್ತರಿಗೆ ಬಂದಿರುತ್ತಿತ್ತು. "ನನ್ನ ಮೈಮ್ಯಾಲಿನ ಅಂಗಿ ನಂದೋ ನಿಂದೋ?" ಎಂದು ದೊಡ್ಡಪ್ಪ ಟವೆಲು ಸುತ್ತಿಕೊಂಡು ಕೂಗಾಡುತ್ತಿದ್ದ. "ಮೈಮ್ಯಾಲಿದ್ದಾಗ ನಿಮ್ಮದು. ಗೂಟಕ್ಕ ಬಂತಂದ್ರ ನಂದು" ಎನ್ನುವುದು ಆಕೆಯ ಕಾಯಿದೆ. ಆಮೇಲೆ ಆತ ಅಂಗಿಯನ್ನು ಬಚ್ಚಲಿಗೇ ಒಯ್ಯತೊಡಗಿದ.

ಹಂಪಿಯಲ್ಲಿ ಅಂಗಡಿಯವರೊಬ್ಬರು ಈ ಕೌದಿಗಳನ್ನು ಒಂದೊಂದಾಗಿ ಇಟ್ಟುಕೊಂಡು ಮಾರುತ್ತಿದ್ದರು. ಕೌದಿ ದೊಡ್ಡದಾಯಿತು, ಗೋಡೆಗೆ ತೂಗುಹಾಕುವಂಥ ಸಣ್ಣ ತುಂಡು ಮಾಡಿಕೊಡಿ, ಪ್ರವಾಸಿಗಳು ಚೀಲದಲ್ಲಿ ಮಡಚಿಕೊಂಡು ಹೋಗುತ್ತಾರೆ ಎಂದು ಅವರು ಒಂದು ದಿನ ಕೇಳಿದರು. ನ್ಯಾಯವಾದ ಮಾತು. ನಾನೂ ಪಕ್ಕದಲ್ಲಿ ನಿಂತು ಹೌದು ಹೌದು ಎಂದೆ. ದೊಡ್ಡವ್ವ ಅಂಗಡಿಯ ನಾಲ್ಕೂ ಗೋಡೆ ನೋಡಿದಳು. "ಗ್ವಾಡಿಗೆ ಚಳಿ ಆಗತೈತೇನ್ರಿ?" ಎಂದಳು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಅದೇ ಅಂಗಡಿಯಲ್ಲಿ ವಿದೇಶಿ ಹೆಂಗಸೊಬ್ಬಳು ಕೌದಿ ಮೆಚ್ಚಿ, ಈ ಕೆಂಪು ಯಾವ ಗಿಡದ ಬಣ್ಣ ಎಂದು ಕೇಳಿದ್ದಳು. ಅಂಗಡಿಯವರು ಏನೋ ಒಂದು ಬೇರಿನ ಹೆಸರು ಹೇಳಲು ಬಾಯಿ ತೆರೆಯುವುದರೊಳಗೆ ದೊಡ್ಡವ್ವ, "ಅದು ನಮ್ಮ ಯಜಮಾನ್ರ ಲಾರಿ ಧೂಳು" ಎಂದು ಸತ್ಯ ನುಡಿದುಬಿಟ್ಟಳು. ಸಾಲದ್ದಕ್ಕೆ, ಅಳತೆ ಸರಿಹೋಗುತ್ತದೋ ಇಲ್ಲವೋ ನೋಡದೆ ಕೊಡುವುದಿಲ್ಲವೆಂದು ಆಕೆಯನ್ನು ಎದುರಿನ ಕಲ್ಲುಮಂಟಪಕ್ಕೆ ಕರೆದೊಯ್ದು, ಮಲಗಿಸಿ, ಕೌದಿ ಹೊದಿಸಿದಳು. ಎಲ್ಲಿಂದ ಎಲ್ಲಿಗೆ ಅಲೆದು ದಣಿದಿದ್ದಳೋ ಆ ಹೆಂಗಸು, ಗಾಢವಾಗಿ ನಿದ್ದೆಹೋದಳು. ಎಬ್ಬಿಸೋಣ ಎಂದರೆ ದೊಡ್ಡವ್ವ ಬಿಡಲಿಲ್ಲ. "ನಿದ್ದಿಗಣ್ಣಾಗಿದ್ದಾಕಿನ್ನ ಎಬ್ಬಸ್ತಾರೇನಲೇ, ಪಾಪ ಬರತೈತಿ." ಎರಡು ತಾಸು ನಾವಿಬ್ಬರೂ ಆಕೆಯ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತ ಕೂತೆವು. ಎದ್ದವಳು ಕೌದಿ ಕೊಳ್ಳಲಿಲ್ಲ, ಕೈಮುಗಿದು ಹೋದಳು. ನನ್ನ ಅರ್ಧ ದಿನದ ರಜೆ ಹೋಯಿತು. ದೊಡ್ಡವ್ವ ಮಾತ್ರ ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಹೆಂಗ ಮಲಗಿದ್ಲು ನೋಡಿದೇನು?" ಎಂದು ಹಿಗ್ಗುತ್ತಿದ್ದಳು. ಇಂಥವರನ್ನು ಕಟ್ಟಿಕೊಂಡು ಯಾವ ಕಸುಬು ಉದ್ಧಾರವಾದೀತು, ನೀವೇ ಹೇಳಿ.

ಇನ್ನು ಹೋಳಿಗೆಯ ಪ್ರಸಂಗ. ನಮ್ಮ ಕಡೆ ಕೌದಿ ಮುಗಿಯುವಾಗ ಅದಕ್ಕೆ ಉಡಿ ತುಂಬುತ್ತಾರೆ. ಕೊನೆಯ ಮೂಲೆಯ ಹೊಲಿಗೆ ಹಾಕುವ ಮುಂಚೆ ಪದರದೊಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಮುಚ್ಚಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೂ ನೆಮ್ಮದಿ ಇಲ್ಲವೆಂದು ದೊಡ್ಡವ್ವನ ನಂಬಿಕೆ. ಜೋಳದ ಒಣರೊಟ್ಟಿಯ ಚೂರು ಯಾರಿಗೂ ತೊಂದರೆ ಕೊಡದೆ ಅಲ್ಲೇ ಪುಡಿಯಾಗುತ್ತದೆ. ಆದರೆ ಹೊಸಪೇಟೆಯಲ್ಲಿ ಕರಕುಶಲ ಪ್ರದರ್ಶನವೊಂದು ಏರ್ಪಾಡಾದ ವರ್ಷ, ನಾನೇ ಅರ್ಜಿ ಬರೆದು ಆಕೆಯ ಕೌದಿಗೆ ಎಲ್ಲರ ಕಣ್ಣಿಗೆ ಬೀಳುವಂಥ ಜಾಗ ಕೊಡಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೌದಿಯ ಮೂಲೆಯಿಂದ ಕೆಂಪಿರುವೆಯ ಸಾಲು ಹೊರಟಿತು. ಅದು ಸುಮ್ಮನೆ ಎತ್ತಲೋ ಹೋಗಿದ್ದರೆ ನಡೆಯುತ್ತಿತ್ತು. ಪ್ರದರ್ಶನ ನೋಡಲು ಬಂದು ಕೌದಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಸರ್ಕಾರಿ ಸಾಹೇಬರ ಕಾಲರಿನೊಳಗೆ ಹೋಯಿತು.

"ಏನೈತಮ್ಮ ಇದ್ರೊಳಗ?" ಎಂದು ಸಾಹೇಬರು ಕತ್ತು ಕೆರೆದುಕೊಳ್ಳುತ್ತ ಕೇಳಿದರು.

"ಹೋಳಿಗಿ ಐತ್ರಿ."

"ಹೋಳಿಗಿ? ಕೌದ್ಯಾಗ ಯಾಕ ಹೋಳಿಗಿ?"

"ಯುಗಾದಿ ಇತ್ತಲ್ರಿ" ಎಂದಳು ದೊಡ್ಡವ್ವ. ಹಬ್ಬದ ದಿನ ನಾವು ಹೋಳಿಗೆ ತಿಂದು ಕೌದಿಗೆ ಒಣರೊಟ್ಟಿ ಹಾಕುವುದು ಯಾವ ನ್ಯಾಯ ಎಂಬುದು ಆಕೆಯ ವಾದ. ತುಪ್ಪವನ್ನೂ ಸವರಿದ್ದಳಂತೆ. ಮರುವರ್ಷ ಅರ್ಜಿಯ ನಮೂನೆಯಲ್ಲಿ "ತಿನ್ನುವ ಪದಾರ್ಥ ಇರಕೂಡದು" ಎಂಬ ಸಾಲು ಹೊಸದಾಗಿ ಸೇರಿತ್ತು.

ಇಷ್ಟು ನಕ್ಕಾಯಿತಲ್ಲ. ನಗದೆ ಹೇಳಬೇಕಾದದ್ದು ಈಗ ಇದೆ.

ಎರಡು ವರ್ಷದ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಆಕೆಯ ಸೀರೆಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಊರವರ ಬಟ್ಟೆಗೆಲ್ಲ ಗಂಟುಬೀಳುವ ದೊಡ್ಡವ್ವ ಈ ಸೀರೆಗಳನ್ನು ಕೇಳದೆ ಬಿಡುತ್ತಾಳೆಯೇ? ಕೇಳಿಯೇ ಕೇಳುತ್ತಾಳೆ ಎಂದು ಖಾರವಾದ ಉತ್ತರವೊಂದನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ತಿಥಿಗೆ ಬಂದಳು, ಕೇಳಲಿಲ್ಲ. ವರ್ಷಾಂತಿಕಕ್ಕೆ ಬಂದಳು, ಟ್ರಂಕಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದಳು, ಆಗಲೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಕಂಡವರ ಸೀರೆಯೆಲ್ಲ ಬೇಕು, ಬೆನ್ನಿಗೆ ಬಿದ್ದ ತಂಗಿಯ ಸೀರೆ ಬೇಡವೇ?

ಆಮೇಲೆ ದೊಡ್ಡವ್ವನ ಕಣ್ಣುಗಳು ಹೋಗತೊಡಗಿದವು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಬಲಗಣ್ಣು ಮುಗಿದಿದೆ, ಎಡಗಣ್ಣನ್ನು ಇಂಜೆಕ್ಷನ್ನು ಕೊಟ್ಟು ಇನ್ನು ಕೆಲವು ತಿಂಗಳು ಎಳೆಯಬಹುದು, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಸೂಜಿ ಕೆಲಸ ಬಿಡಬೇಕೆಂದರು. ದೊಡ್ಡವ್ವ "ಆತ್ರೀ" ಎಂದಳು. ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ದಾರಿಯಲ್ಲಿ ಹೋಗುವವರ ಬಟ್ಟೆಯನ್ನು ಆಕೆ ನೋಡಲಿಲ್ಲ.

ಒಂದು ತಿಂಗಳು ಕಟ್ಟೆಯ ಮೇಲೆ ಸುಮ್ಮನೆ ಕೂತಳು. ಭಾನುವಾರ ಹೋದರೆ ಅಲ್ಲೇ ಇರುತ್ತಿದ್ದಳು, ಮುಂದಿನ ಭಾನುವಾರವೂ ಅಲ್ಲೇ. ಒಮ್ಮೆ ತನ್ನ ಎರಡೂ ಅಂಗೈ ಮುಂದೆ ಹಿಡಿದು, "ಇವನ್ನ ಎಲ್ಲಿ ಇಡಬೇಕಂತ ತಿಳೀವಲ್ದವಾ" ಎಂದಳು. ಕೌದಿ ಯಾರಿಗೂ ಬೇಡ ಎಂದು ನೂರು ಸಲ ಹೇಳಿದ ಬಾಯಿ ನನ್ನದು. ಅದು ಬೇಕೆಂದು ಆಕೆ ಅಂದುಕೊಂಡಿದ್ದರಿಂದಲೇ ಆ ಕಸುಬು ಇಷ್ಟು ದಿನ ನಡೆದಿತ್ತು ಎಂದು ನನಗೆ ಅವತ್ತು ತಿಳಿಯಿತು. ತಿಳಿದು ಪ್ರಯೋಜನವೇನು?

ಐದನೆಯ ಭಾನುವಾರ ಹೋದಾಗ ಕಟ್ಟೆ ಖಾಲಿ. ಒಳಗೆ ಹೋಗಿ ನೋಡಿದರೆ ಮೊದಲು ಅರ್ಧಕ್ಕೇ ಬಿಟ್ಟಿದ್ದ ಕೌದಿ ನೆಲದ ಮೇಲೆ ಹರಡಿಕೊಂಡಿತ್ತು. ಒಂದು ಬದಿಗೆ ದೊಡ್ಡವ್ವ ಬೆರಳಲ್ಲೇ ತಡವುತ್ತ ಹೊಲಿಯುತ್ತಿದ್ದಳು, ಇನ್ನೊಂದು ಬದಿಗೆ ದೊಡ್ಡಪ್ಪ ತುಂಡುಗಳ ಗುಡ್ಡೆ ಇಟ್ಟುಕೊಂಡು ಬಣ್ಣ ಹೇಳುತ್ತಿದ್ದ. ಆತನ ಪಾಲಿಗೆ ಲೋಕದಲ್ಲಿ ಇರುವುದು ಮೂರೇ ಬಣ್ಣ: ಕೆಂಪು, ಹಸಿರು ಮತ್ತು "ಅದೊಂಥರಾ". ಬೆರಳು ಚುಚ್ಚಿಕೊಂಡು ಚುಚ್ಚಿಕೊಂಡು ಆಕೆಯ ತುದಿಬೆರಳೆಲ್ಲ ಗಾಯ. ಹೊಲಿಗೆ ನೋಡಿದರೆ ಅಳು ಬರುವಂತಿತ್ತು.

"ಸೊಟ್ಟ ಹೊಂಟೈತೇನು?" ಎಂದು ಕೇಳಿದಳು.

"ಹ್ಞೂಂ."

"ಎಷ್ಟು ಸೊಟ್ಟ?"

"ಕುಡದಾವ ಕಾಲುವಿ ದಂಡಿ ಮ್ಯಾಲ ಹೊಂಟಂಗ" ಎಂದ ದೊಡ್ಡಪ್ಪ.

"ಕಾಲುವ್ಯಾಗ ಬಿದ್ದಿಲ್ಲಲ್ಲ, ಹೋಗ್ಲಿ ಬಿಡ್ರಿ" ಎಂದು ದೊಡ್ಡವ್ವ ನಕ್ಕಳು. ತಿಂಗಳಾದ ಮೇಲೆ ನಕ್ಕ ನಗೆ ಅದು. ಅಂದಿನಿಂದ ಪ್ರತಿ ಭಾನುವಾರ ಹೋಗಿ, ಹದಿನಾಲ್ಕು ಸೂಜಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬರುವುದು ನನ್ನ ಕೆಲಸವಾಯಿತು. ದಿನಕ್ಕೆ ಎರಡು ಸೂಜಿ, ವಾರಕ್ಕೆ ಸಾಕು. ಆದರೆ ವಾರದಿಂದ ವಾರಕ್ಕೆ ದಿಂಬಿನಲ್ಲಿ ಉಳಿಯುವ ಸೂಜಿಗಳು ಹೆಚ್ಚುತ್ತಿದ್ದವು. ಎಡಗಣ್ಣಿಗೆ ಈಗ ಕಿಟಕಿಯ ಬೆಳಕೊಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಕಳೆದ ತಿಂಗಳು ನಾನೇ ಟ್ರಂಕಿನ ಬೀಗ ತೆಗೆದೆ. ಕೇಳಲಿಲ್ಲ ಎಂಬ ಸಿಟ್ಟಿನ್ನೂ ಇತ್ತು. ಆದರೂ ಆ ಬೆಳಕೂ ಹೋಗುವ ಮೊದಲು ಆಕೆ ತಂಗಿಯ ಸೀರೆಯದೊಂದು ಕೌದಿ ಹೊಲಿಯಲಿ, ಅದಾದರೂ ಉಳಿಯಲಿ ಎನ್ನಿಸಿತು. ಇದ್ದವುಗಳಲ್ಲೇ ಒಳ್ಳೆಯದಾದ ಹಸಿರು ಇಳಕಲ್ ಸೀರೆಯನ್ನು ತೆಗೆದುಕೊಂಡು ಕಡ್ಡಿರಾಂಪುರದ ಬಸ್ಸು ಹತ್ತಿದೆ. ಹೋದವಳೇ ಆಕೆಯ ತೊಡೆಯ ಮೇಲೆ ಇಟ್ಟೆ. ದೊಡ್ಡವ್ವ ಸೀರೆಯ ಅಂಚು ತಡವಿದಳು, ಸೆರಗು ತಡವಿದಳು, ಮುಖಕ್ಕೆ ಹಿಡಿದು ಮೂಸಿದಳು. ಯಾರದೆಂದು ನಾನು ಹೇಳಬೇಕಾಗಲಿಲ್ಲ. ಆಮೇಲೆ ನೀಟಾಗಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.

"ಇದು ಇನ್ನಾ ಉಡೋ ಸೀರಿ. ಸವದಿದ್ದಷ್ಟ ಕೌದಿ ಆಗತೈತಿ. ಉಡು. ಉಟ್ಟು ಉಟ್ಟು ಸವಸು."

"ಇದು ಸವೆಯಾಕ ಹತ್ತು ವರ್ಷ ಬೇಕು ದೊಡ್ಡವ್ವ. ಅಲ್ಲಿತನಕ ನಿನ್ನ ಕಣ್ಣು?" ಎಂದು ರೇಗಿದೆ. ರೇಗಬಾರದಿತ್ತು, ರೇಗಿದೆ.

"ಕಣ್ಣು ಹೋಗತಾವ. ಅದು ಗೊತ್ತಿದ್ದದ್ದ. ನನ್ನ ಕಣ್ಣಿನ ಸಲುವಾಗಿ ನಿಮ್ಮವ್ವನ ಸೀರಿ ಹರೀಬೇಕೇನು?" ಎಂದಳು ದೊಡ್ಡವ್ವ. ಧ್ವನಿ ಎತ್ತರಿಸಲಿಲ್ಲ. "ಹೋಗು, ಉಟಗೊಂಡು ಬಾ. ಇಲ್ಲಿ ಒಬ್ಬಾಕಿನ ಹೊಲದು ಬ್ಯಾಸರಾಗೈತಿ."

ಒಳಗೆ ಹೋಗಿ ಉಟ್ಟುಕೊಂಡು ಬಂದೆ. ಆಕೆ ನನ್ನನ್ನು ಹತ್ತಿರ ಕರೆದು ನಿರಿಗೆಗಳನ್ನು ಒಂದೊಂದಾಗಿ ಕೈಯಲ್ಲಿ ಎಣಿಸಿ ಸರಿಮಾಡಿದಳು. ಕೌದಿಯ ಇನ್ನೊಂದು ಬದಿಗೆ ಕೂರಿಸಿ ಕೈಗೆ ಸೂಜಿ ಕೊಟ್ಟಳು. ನಾನು ಜೀವಮಾನದಲ್ಲಿ ಗುಂಡಿ ಬಿಟ್ಟು ಏನನ್ನೂ ಹೊಲಿದವಳಲ್ಲ. ಒಂದು ಗೇಣು ಹೊಲಿಯುವಷ್ಟರಲ್ಲಿ ಬೆವರಿದೆ. ದೊಡ್ಡವ್ವ ಬಾಗಿ ಹೆಬ್ಬೆರಳಿನಿಂದ ನನ್ನ ಹೊಲಿಗೆಯ ಉದ್ದಕ್ಕೂ ಸವರಿದಳು.

"ಇದು ನಾ ಹೊಲದಿದ್ದೋ ನೀ ಹೊಲದಿದ್ದೋ?"

"ನಾನು."

"ಹಂಗಾರ ನನ್ನ ಕಣ್ಣು ಅಷ್ಟೇನು ಕೆಟ್ಟಿಲ್ಲ ಬಿಡು."

ದೊಡ್ಡಪ್ಪ ಗೊಳ್ಳೆಂದು ನಕ್ಕ. ನಾನೂ ನಗಲು ಹೋದೆ, ಆಗಲಿಲ್ಲ. ಅವ್ವ ಸತ್ತಾಗ ಬಂದವರಿಗೆ ಚಹಾ ಮಾಡುತ್ತ, ಕಾಗದಪತ್ರಕ್ಕೆ ಓಡಾಡುತ್ತ ನಾನು ಅತ್ತಿರಲೇ ಇಲ್ಲ. ಎರಡು ವರ್ಷದ್ದೆಲ್ಲ ಆಗ ಒಟ್ಟಿಗೆ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ದೊಡ್ಡವ್ವ ತನ್ನ ಪಾಡಿಗೆ ತಾನು ತಡವಿ ತಡವಿ ಹೊಲಿಯುತ್ತಿದ್ದಳು. ನಾನು ಮುಖ ಒರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಚೀಲ ತಡಕುವ ಸದ್ದು ಕೇಳಿಸಿತೇನೋ, ಸೂಜಿ ನಿಲ್ಲಿಸಿದಳು.

"ಸೆರಗಿಲೆ ಒರಸ್ಕೊಳವಾ," ಎಂದಳು, "ಜಲ್ದಿ ಸವೀತೈತಿ."