ಅಡುಗೆಯವರ ಹೊಟ್ಟೆನೋವು

ಸೈನ್ಯದಲ್ಲಿ ಅಡುಗೆ ಮಾಡಿ ನಿವೃತ್ತರಾಗಿದ್ದ ಅಡುಗೆಯವರಿಗೆ ಅಂದು ಬೆಳಗ್ಗೆಯಿಂದಲೇ ಹೊಟ್ಟೆಯಲ್ಲಿ ತಳಮಳ. ತಳಮಳವೇನೂ ಹೊಸದಲ್ಲ. ವರ್ಷಗಳಿಂದ ಕರುಳು ಅವರ ಮಾತು ಕೇಳುತ್ತಿರಲಿಲ್ಲ. ಎಲ್ಲಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿದೆಯೆಂದು ವಿಚಾರಿಸುವ ಸ್ಥಿತಿ. ಆದರೆ ಇಂದಿನ ಭಯವೇ ಬೇರೆ. ಅಂಗವೈಕಲ್ಯ ಪಿಂಚಣಿಗಾಗಿ ವೈದ್ಯರ ಮುಂದೆ ಹಾಜರಾಗಬೇಕಿತ್ತು. ಅದು ಕೈತಪ್ಪಿದರೆ ಮುಂದಿನ ಔಷಧಿಗೆ ಯಾರ ಮುಂದೆ ಕೈಚಾಚುವುದೆಂಬ ಚಿಂತೆ.

ಪಕ್ಕದ ಮನೆಯ ಡ್ರೈವರ್, ಅದೇ ತುಕಡಿಯಲ್ಲಿ ಲಾರಿ ಓಡಿಸಿದವನು, ಸಾಕ್ಷಿ ಹೇಳುತ್ತೇನೆಂದು ತಾನಾಗಿಯೇ ಗಂಟುಬಿದ್ದಿದ್ದ. ಕಾಯಿಲೆ ಸೇವೆಯಿಂದಲೇ ಬಂತೆಂದು ತೋರಿಸದಿದ್ದರೆ ಬಿಡಿಗಾಸೂ ಸಿಗದೆಂದು ದಾರಿಯುದ್ದಕ್ಕೂ ಹೆದರಿಸಿದ.

"ಕ್ಯಾಂಪಿನ ಊಟದಿಂದ ಹೊಟ್ಟೆ ಕೆಡ್ತು ಅಂದ್ಬಿಡಿ ಅಣ್ಣ, ಮುಗೀತು."

"ಆ ಅಡುಗೆ ಮಾಡಿದ್ದು ನಾನೇ ಅಲ್ವೇನೋ?"

"ಅದಕ್ಕೇ ನಿಮ್ಮ ಮಾತು ನಂಬ್ತಾರೆ."

ಅಡುಗೆಯವರ ಮುಖ ಸಪ್ಪಗಾಯಿತು. ತಮ್ಮ ಕೈರುಚಿಯ ಬಗ್ಗೆ ಹೆಂಡತಿಯ ಮುಂದೆ ಜೀವಮಾನವೆಲ್ಲ ಕೊಚ್ಚಿಕೊಂಡವರು. ಕಾಯುವ ಕೋಣೆಯಲ್ಲಿ ಕೂತು ಬೆವರಿದರು, ಶೌಚಾಲಯಕ್ಕೆ ಓಡಿ ಬಂದರು, ಮತ್ತೆ ಬೆವರಿದರು. ಪಾಪ, ಮಾನ ಉಳಿಸಿಕೊಳ್ಳಬೇಕೋ ಹೊಟ್ಟೆ ಉಳಿಸಿಕೊಳ್ಳಬೇಕೋ ತೋಚಲಿಲ್ಲ.

ಒಳಗೆ ಡಾಕ್ಟರಮ್ಮ ಕಾರಣ ಕೇಳಿದಾಗ ಕಣ್ಣುಮುಚ್ಚಿ ಎಲ್ಲ ಹೇಳಿಬಿಟ್ಟರು. ಬೇಳೆ ಅರೆಬರೆ ಬೇಯುತ್ತಿತ್ತು, ಎಣ್ಣೆ ಕಪ್ಪಾಗುವ ತನಕ ಅದರಲ್ಲೇ ಕರಿಯುತ್ತಿದ್ದೆ, ಉಳಿದದ್ದನ್ನು ಮರುದಿನ ಬಿಸಿಮಾಡಿ ಬಡಿಸುತ್ತಿದ್ದೆ. ಹೇಳುತ್ತ ಹೋದಂತೆ ಯಾವುದು ನಿಜ, ಯಾವುದು ಸುಳ್ಳು ಎಂದು ಅವರಿಗೇ ತಿಳಿಯದಾಯಿತು. ಡ್ರೈವರ್ ಉತ್ಸಾಹದಿಂದ ಒಗ್ಗರಣೆ ಹಾಕಿದ. ಆ ಊಟ ತಿಂದು ತನ್ನ ಹೊಟ್ಟೆಯೂ ಇವತ್ತಿಗೂ ನೆಟ್ಟಗಿಲ್ಲವೆಂದ.

ಡಾಕ್ಟರಮ್ಮ ತಲೆಯೆತ್ತಿದರು. ಅವನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ಅಲ್ಲೇ ಅವನಿಂದಲೂ ಒಂದು ಅರ್ಜಿ ಬರೆಸಿಕೊಂಡು ಶಿಫಾರಸಿನ ಮುದ್ರೆ ಒತ್ತಿದರು.

"ನಿಮಗೆ ಪಿಂಚಣಿ ಸಿಗುತ್ತೆ," ಎಂದರು ಡ್ರೈವರನಿಗೆ. "ಬಡಿಸಿದವರೇ ಒಪ್ಕೊಂಡ್ಮೇಲೆ ಬೇರೆ ಸಾಕ್ಷಿ ಯಾಕೆ?"

"ನನಗೆ?" ಅಡುಗೆಯವರು ಕೇಳಿದರು.

"ನಿಮಗೆ ಬರಲ್ಲ. ತನಗೆ ತಾನೇ ಮಾಡ್ಕೊಂಡ ಹಾನಿಗೆ ಪಿಂಚಣಿ ಇಲ್ಲ."

ಅಡುಗೆಯವರು ಕೂತಲ್ಲಿಂದ ಎದ್ದೇಬಿಟ್ಟರು. ಹೇಳಿದ್ದೆಲ್ಲ ಸುಳ್ಳು, ತಮ್ಮ ಅಡುಗೆ ಬೆರಳು ಚೀಪುವಂತಿತ್ತು, ಬೇಕಾದರೆ ಇವನನ್ನೇ ಕೇಳಿ ಎನ್ನುತ್ತ ಡ್ರೈವರನ ತೋಳು ಹಿಡಿದುಕೊಂಡರು. ಅವನು ಮುದ್ರೆ ಬಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಅಣ್ಣ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದ ಮೆಲ್ಲಗೆ.